ಹತ್ತನೇ ನಂಬರಿನ ಗಂಟೆ

ಅಕ್ಕ ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳು ನಿವೃತ್ತಳಾದ ದಿನ ವಾರ್ಡಿನವರೆಲ್ಲ ಸೇರಿ ಒಂದು ಉಡುಗೊರೆ ಕೊಟ್ಟರು: ಸಮುದ್ರದ ದಂಡೆಯ ಹಳೇ ಹೋಟೆಲಿನಲ್ಲಿ ಇಬ್ಬರಿಗೆ ಮೂರು ದಿನದ ವಾಸ. ಜೊತೆಗಿದ್ದ ಕಾರ್ಡಿನಲ್ಲಿ ‘ಇನ್ನಾದರೂ ಕೂತುಕೊಳ್ಳಿ ಸಿಸ್ಟರ್’ ಎಂದು ಬರೆದಿತ್ತು. ಅಕ್ಕ ಅದನ್ನು ನಿಂತುಕೊಂಡೇ ಓದಿದಳು.

ಜೊತೆಗೆ ಹೋದವಳು ನಾನು, ಅವಳ ತಂಗಿ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಮನೆಗೆ ಅಂಟಿಕೊಂಡೇ ಪರದೆ, ದಿಂಬಿನ ಚೀಲ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ, ಕೈಕೆಳಗೆ ಇಬ್ಬರು ಕೆಲಸ ಮಾಡುತ್ತಾರೆ, ಕನ್ನಡಕ ಬಂದು ಆರು ವರ್ಷವಾಯಿತು. ಆದರೂ ಅಕ್ಕನ ಬಾಯಲ್ಲಿ ನಾನು ಇವತ್ತಿಗೂ ಪುಟ್ಟಿ. ಅಪ್ಪ ಬೇಗ ಹೋದರು. ನನ್ನ ಶಾಲೆ, ನನ್ನ ಮದುವೆ, ನನ್ನ ಮೊದಲ ಹೊಲಿಗೆ ಮಿಷನ್ ಎಲ್ಲವೂ ಅಕ್ಕನ ನೈಟ್ ಡ್ಯೂಟಿಯಿಂದ ಬಂದವು. ಇದನ್ನು ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ. ಎತ್ತಿ ಆಡಿದ್ದರೆ ಜಗಳವಾಡಿಯಾದರೂ ಸಮ ಮಾಡಿಕೊಳ್ಳಬಹುದಿತ್ತು.

ನಾನು ಹೋದದ್ದು ಸಮುದ್ರ ನೋಡುವುದಕ್ಕಲ್ಲ. ಅಕ್ಕನ ಬಲಗಡೆಯ ಸೊಂಟದ ಕೀಲು ಸವೆದುಹೋಗಿತ್ತು. ಆಪರೇಷನ್ ಮಾಡಿ ಹೊಸ ಕೀಲು ಕೂರಿಸಬೇಕೆಂದು ಡಾಕ್ಟರು ಎರಡು ಸಲ ದಿನ ಕೊಟ್ಟಿದ್ದರು, ಎರಡು ಸಲವೂ ಅಕ್ಕ ಮುಂದಕ್ಕೆ ಹಾಕಿದ್ದಳು. ಮೂರನೆಯದು ಬರುವ ಗುರುವಾರ. ಅದೂ ತಪ್ಪಿ, ಅಷ್ಟರಲ್ಲಿ ಎಲ್ಲಾದರೂ ಜಾರಿ ಬಿದ್ದರೆ ಆಮೇಲೆ ನಡೆಯುವ ಮಾತು ಮರೆತುಬಿಡಿ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಕ ಚಾಕುಕತ್ತರಿಗೆ ಹೆದರುವವಳಲ್ಲ. ಅವಳ ತಕರಾರಿದ್ದದ್ದು ಆಮೇಲಿನ ಆರು ವಾರದ ಬಗ್ಗೆ. ಆ ಆರು ವಾರ ಇನ್ನೊಬ್ಬರ ಕೈ ಹಿಡಿಯದೆ ಬಾತ್‌ರೂಮಿಗೂ ಹೋಗುವ ಹಾಗಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿ, ಕಿಟಕಿಗೆ ಹೊಸ ಪರದೆ ಹೊಲಿದು, ನಮ್ಮ ಮನೆಯವರ ಕೈಯಲ್ಲಿ ಗೋಡೆಗೊಂದು ಹಿಡಿಕೆಯನ್ನೂ ಹಾಕಿಸಿದ್ದೆ. ಅಕ್ಕ ಬರುತ್ತೇನೆ ಅಂದಿರಲಿಲ್ಲ. ಹೋಟೆಲಿನಲ್ಲಿ ಮೂರು ದಿನ ಯಾರಾದರೂ ಅವಳ ಸೇವೆ ಮಾಡಿದರೆ, ಮಾಡಿಸಿಕೊಳ್ಳುವ ಅಭ್ಯಾಸವಾದೀತು ಎಂಬುದು ನನ್ನ ಆಸೆ.

ಹೋಟೆಲು ನೂರೈವತ್ತು ವರ್ಷದ್ದಂತೆ. ಮೊದಲು ಹಡಗು ಕಾಯುವವರ ತಂಗುಮನೆ, ಆಮೇಲೆ ಸುಂಕದ ಕಚೇರಿ, ಅದಾದ ಮೇಲೆ ಮೂವತ್ತು ವರ್ಷ ಪಾರಿವಾಳಗಳದ್ದು. ಯಾರೋ ಕೊಂಡುಕೊಂಡು ಏಳು ವರ್ಷ ಕೆಲಸ ಮಾಡಿಸಿ, ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿದ್ದರು. ಮ್ಯಾನೇಜರು ಇಸ್ತ್ರಿಪೆಟ್ಟಿಗೆಯ ಅಡಿಯಿಂದ ಈಗಷ್ಟೇ ಎದ್ದು ಬಂದಂತಿದ್ದ ಯುವಕ. ಮೆಟ್ಟಿಲು ಕಡಿದಾಗಿದೆಯಲ್ಲ ಎಂದು ಕೇಳಿದೆ. “ಮೂಲದಲ್ಲೂ ಹೀಗೇ ಇತ್ತು ಮೇಡಂ” ಎಂದ. ಕಿಟಕಿಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಮೂಲದಲ್ಲೂ ಮುಚ್ಚುತ್ತಿರಲಿಲ್ಲವಂತೆ. ಬಾತ್‌ರೂಮಿಗೆ ಚಿಲಕವಿರಲಿಲ್ಲ, ಆಗಲೂ ಇರಲಿಲ್ಲವಂತೆ. ಅವನು ಇದನ್ನೆಲ್ಲ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದನೆಂದರೆ, ದೂರು ಹೇಳಲು ಹೋದ ನಾನು ಅಭಿನಂದಿಸಿ ವಾಪಸು ಬಂದೆ. ಪರದೆ ಮಾತ್ರ ಮೂಲದ್ದಲ್ಲ. ಅಂಚು ತಿರುಗಿಸಿ ನೋಡಿದೆ, ಮಿಷನ್ ಹೊಲಿಗೆ, ಅದೂ ಅವಸರದ್ದು.

ನಮ್ಮದು ಮೇಲಿನ ಮಹಡಿಯ ಕೊನೆಯ ರೂಮು, ಹತ್ತನೇ ನಂಬರು. ಉಡುಗೊರೆಯ ರೂಮಾದ್ದರಿಂದ ಎಲ್ಲಕ್ಕಿಂತ ಚಿಕ್ಕದು. ಹಾಸಿಗೆಯ ಮೇಲೆ ಕೂತರೆ ಸಮುದ್ರ ಕಾಣುವುದಿಲ್ಲ, ನಿಂತರೆ ಕಾಣುತ್ತದೆ. ಅಕ್ಕನಿಗೆ ಇದು ಹಿಡಿಸಿತು. ಬಾತ್‌ರೂಮಿನ ನಡುವೆ ಎರಕದ ಕಬ್ಬಿಣದ ಸ್ನಾನದ ತೊಟ್ಟಿ, ಅದಕ್ಕೆ ಸಿಂಹದ ಕಾಲು, ಅದರ ಅಂಚು ನನ್ನ ಸೊಂಟದ ಎತ್ತರ. ಹತ್ತಿ ಇಳಿಯುವಾಗ ಜೋಪಾನ ಎಂದು ಮ್ಯಾನೇಜರು ಹೇಳಿದ್ದಕ್ಕೆ, ಸಾವಿರಾರು ಜನರಿಗೆ ಸ್ನಾನ ಮಾಡಿಸಿದವಳಿಗೆ ತೊಟ್ಟಿಯ ಪಾಠ ಬೇಡ ಎಂದಳು ಅಕ್ಕ.

ಹೋಟೆಲಿನ ದೊಡ್ಡ ಹೆಮ್ಮೆ ಅದರ ಗಂಟೆಗಳು. ಪ್ರತಿ ಮಂಚದ ಪಕ್ಕ ಒಂದು, ಪ್ರತಿ ತೊಟ್ಟಿಯ ಪಕ್ಕ ಒಂದು ಹಗ್ಗ ಇಳಿಬಿಟ್ಟಿರುತ್ತದೆ, ತುದಿಗೆ ಹಿತ್ತಾಳೆ ಹಿಡಿ. ಎಳೆದರೆ ಗೋಡೆಯೊಳಗಿನ ತಂತಿ ಎಲ್ಲೋ ದೂರದಲ್ಲಿ ಆ ರೂಮಿನ ಗಂಟೆ ಬಾರಿಸುತ್ತದೆ. ‘ಅಂದಿನಂತೆ ಇಂದಿಗೂ ಎಳೆಯಿರಿ, ಬರುತ್ತೇವೆ’ ಎಂದು ಮೇಜಿನ ಮೇಲಿದ್ದ ಪುಸ್ತಿಕೆಯಲ್ಲಿತ್ತು. ನಾನು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ದಿಂಬು ಇಟ್ಟು, ಚಹಾ ತರಿಸೋಣ ಎಂದು ಹಗ್ಗ ಎಳೆದೆ. ಹತ್ತು ನಿಮಿಷ ಯಾರೂ ಬರಲಿಲ್ಲ. ಮತ್ತೆ ಎಳೆದೆ. ಯಾಕೆ ಬಂದಿಲ್ಲ ನೋಡಿ ಬರುತ್ತೇನೆ ಎಂದು ಅಕ್ಕ ಎದ್ದು ಕುಂಟುತ್ತಾ ಹೋದಳು. ಮೂರನೇ ಸಲ ಎಳೆದಾಗ ಬಾಗಿಲು ತೆರೆಯಿತು. ಟ್ರೇ ಹಿಡಿದುಕೊಂಡು ಒಳಗೆ ಬಂದವಳು ಅಕ್ಕ.

“ಗಂಟೆ ಕೇಳಿಸ್ತು” ಎಂದಳು.

ಆದದ್ದು ಇಷ್ಟು. ಹಿಂದೆ ಆಳುಗಳು ಕೂರುತ್ತಿದ್ದದ್ದು ನಮ್ಮ ರೂಮಿನ ಪಕ್ಕದ ಸಣ್ಣ ಕೋಣೆಯಲ್ಲಿ. ರಿಪೇರಿ ಮಾಡಿದವರು ಹತ್ತೂ ರೂಮಿನ ಗಂಟೆಗಳ ಹಲಗೆಯನ್ನು ಮೂಲದಲ್ಲಿ ಇದ್ದ ಜಾಗದಲ್ಲೇ ಹಾಕಿದ್ದರು. ಗಂಟೆ ಕೇಳಬೇಕಾದವರನ್ನು ಮಾತ್ರ ಕೆಳಗಿನ ಮಹಡಿಗೆ ಕಳಿಸಿ, ಕೈಗೆ ಫೋನು ಕೊಟ್ಟಿದ್ದರು. ಆ ಕೋಣೆಯಲ್ಲಿ ಈಗ ಟವೆಲ್ಲು ದುಪ್ಪಡಿ ಇಡುತ್ತಿದ್ದರು. ಹೀಗಾಗಿ ಇಡೀ ಮಹಡಿಯ ಗಂಟೆಗಳು ಟವೆಲ್ಲುಗಳಿಗೆ ಮಾತ್ರ ಕೇಳಿಸುತ್ತಿದ್ದವು. ಗೋಡೆ ತೆಳ್ಳಗಿದ್ದದ್ದರಿಂದ ಅಕ್ಕನಿಗೂ ಕೇಳಿಸುತ್ತಿತ್ತು. ನಾನು ಇದನ್ನು ಮ್ಯಾನೇಜರಿಗೆ ಹೇಳಿದೆ. ಹಳೆಯ ದೂರಿನ ಪುಸ್ತಕ ಸಿಕ್ಕಿದೆ ಮೇಡಂ, ಆಗಲೂ ಯಾರೂ ಬರುತ್ತಿರಲಿಲ್ಲವಂತೆ ಎಂದು ಅವನು ಸಂತೋಷದಿಂದ ಹೇಳಿದ.

ಚಹಾ ಕುಡಿದ ಮೇಲೆ ಅಕ್ಕ ತನ್ನ ಚೀಲದಿಂದ ಬ್ಯಾಂಡೇಜಿನ ಸುರುಳಿ ತೆಗೆದಳು. ರಜೆಗೆ ಬರುವಾಗ ಬ್ಯಾಂಡೇಜು ಯಾಕೆ ಎಂದು ನಾನು ಕೇಳಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವಳ ಚೀಲದಲ್ಲಿ ಅದಿಲ್ಲದ ದಿನ ನಾನು ಕಂಡಿಲ್ಲ. ಪಕ್ಕದ ಕೋಣೆಗೆ ಹೋಗಿ, ಹತ್ತನೇ ನಂಬರಿನ ಗಂಟೆಯ ನಾಲಿಗೆಗೆ ನಾಲ್ಕು ಸುತ್ತು ಸುತ್ತಿ, ಬಿಚ್ಚಲಾಗದ ಹಾಗೆ ಕಟ್ಟಿ ಬಂದಳು. ಇನ್ನು ನೀನು ಎಳೆದರೂ ಸದ್ದಾಗೋಲ್ಲ, ಸುಮ್ಮನೆ ಕೂತ್ಕೋ ಎಂದಳು. ನಾನು ಕೂತೆ. ಅವಳು ಕೂರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆರನೇ ನಂಬರು ಬಾರಿಸಿತು.

ಅಕ್ಕನ ಪ್ರಕಾರ ಗಂಟೆ ಬಾರಿಸುವವರಲ್ಲಿ ನಾಲ್ಕು ಜಾತಿ. ಬಿಡದೆ ಬಾರಿಸುವವರಿಗೆ ಏನೂ ಆಗಿರುವುದಿಲ್ಲ, ನಿಧಾನವಾಗಿ ಹೋಗಬಹುದು. ಬಾರಿಸಿ, ಹೋದಾಗ ತಪ್ಪಾಯಿತು ಎನ್ನುವವರಿಗೆ ಮಾತಾಡಲು ಜನ ಬೇಕಾಗಿರುತ್ತದೆ. ಒಂದೇ ಸಲ ಬಾರಿಸಿ ಸುಮ್ಮನಾಗುವವರು ಮೂರನೆಯವರು, ಅವರಿಗೆ ಓಡಬೇಕು. ನಾಲ್ಕನೆಯವರು ಬಾರಿಸುವುದೇ ಇಲ್ಲ. ನಾಲ್ಕನೆಯವರ ಬಗ್ಗೆ ಅಕ್ಕ ಹೆಚ್ಚು ಹೇಳುವುದಿಲ್ಲ. ಕಾರಣ ನನಗೆ ಗೊತ್ತು.

ಆರನೇ ನಂಬರಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಹಗ್ಗ ಕಂಡು ಸುಮ್ಮನೆ ಎಳೆದಿದ್ದರು. ಬಾಗಿಲಲ್ಲಿ ನಿಂತ ಅಕ್ಕ ಏನಾಯಿತೆಂದು ಕೇಳಿದಳಂತೆ, ಏನಿಲ್ಲ ಅಂದರಂತೆ, ಹುಡುಗನ ಮುಖ ಬಿಸಿಲಿಗೆ ಕೆಂಪಾಗಿದ್ದದ್ದು ನೋಡಿ ಇಬ್ಬರಿಗೂ ಎರಡೆರಡು ಲೋಟ ನೀರು ಕುಡಿಸಿ ಬಂದಳಂತೆ. ಒಂಬತ್ತನೇ ನಂಬರಿನಲ್ಲಿ ಒಬ್ಬ ನಿವೃತ್ತ ಜಡ್ಜು, ಒಬ್ಬರೇ ಬಂದವರು. ಅವರು ಪತ್ರಿಕೆಗೆಂದು ಗಂಟೆ ಬಾರಿಸಿದ್ದರು. ಅಕ್ಕ ಪತ್ರಿಕೆ ಕೊಟ್ಟು, ಅವರ ಪಾದ ಬಾತಿರುವುದು ಕಂಡು, ಹೆಬ್ಬೆರಳಿನಿಂದ ಒತ್ತಿ ಗುಣಿ ಎಷ್ಟು ಹೊತ್ತು ಉಳಿಯುತ್ತದೆಂದು ಎಣಿಸಿ, ಉಪ್ಪು ಬಿಡಬೇಕೆಂದು ಗದರಿಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟು ಬಂದಳು. ಆ ಎರಡು ದಿಂಬಿನಲ್ಲಿ ಒಂದು ನನ್ನದು. ಜೀವನವಿಡೀ ತೀರ್ಪು ಕೊಟ್ಟವರು ಅವತ್ತು ಸಂಜೆ ಊಟದ ಹಾಲಿನಲ್ಲಿ ಉಪ್ಪಿನ ಡಬ್ಬಿಯನ್ನು ದೂರ ತಳ್ಳಿ, ಅಕ್ಕ ನೋಡಿದಳೇ ಎಂದು ಈ ಕಡೆ ನೋಡಿದರು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಮಾರನೇ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಇಡೀ ಮಹಡಿಗೆ ಅಕ್ಕ ಗೊತ್ತಾಗಿದ್ದಳು. ಎರಡನೇ ನಂಬರಿನ ಹೆಂಗಸು ತನ್ನ ಮಾತ್ರೆಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದಳು. ಹೋಟೆಲಿನ ಅಭಿಪ್ರಾಯದ ಪುಸ್ತಕದಲ್ಲಿ ಯಾರೋ ‘ಗಂಟೆ ಎಳೆದರೆ ಬರುವ ಹಿರಿಯ ಮಹಿಳೆ ಅತ್ಯಂತ ನೈಜವಾಗಿದ್ದಾರೆ, ಕುಂಟುವುದೂ ಸೇರಿದಂತೆ’ ಎಂದು ಬರೆದಿದ್ದರು. ಎರಡು ಜಗಲಿ, ಒಂದು ಸಮುದ್ರ, ಅಷ್ಟೊಂದು ಕುರ್ಚಿ. ಯಾವುದರ ಮೇಲೂ ಅಕ್ಕ ಐದು ನಿಮಿಷ ಕೂತಿರಲಿಲ್ಲ. ಬಲಗಾಲು ಊರುವಾಗ ಅವಳ ತುಟಿ ಬಿಗಿಯಾಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದರೆ ಸಡಿಲ ಮಾಡುತ್ತಿದ್ದಳು.

ಮಧ್ಯಾಹ್ನದ ಊಟವಾಗಿ ನಾವು ಮೇಲಿನ ಮಹಡಿಯ ಜಗಲಿಯಲ್ಲಿದ್ದಾಗ ಮ್ಯಾನೇಜರು ಬಂದ. ಅವನು ಕೇಳಿದ್ದು ನೇರವಾಗಿತ್ತು. ಅತಿಥಿಗಳು ತುಂಬ ಮೆಚ್ಚಿದ್ದಾರೆ. ಮೇಡಂ ಇನ್ನೂ ಹದಿನೈದು ದಿನ ಹೋಟೆಲಿನ ಅತಿಥಿಯಾಗಿಯೇ ಉಳಿದು, ಗಂಟೆಗಳ ಕಡೆ ಸ್ವಲ್ಪ ಗಮನ ಕೊಟ್ಟರೆ ಉಪಕಾರವಾಗುತ್ತದೆ. ಅವಸರವಿಲ್ಲ, ಸಂಜೆ ಹೇಳಿದರೂ ಸಾಕು. ಅಷ್ಟು ಹೇಳಿ ಹೋದ. ಅಕ್ಕನ ಮುಖ ನೋಡಿದೆ. ನಿವೃತ್ತಿಯಾದ ಮೇಲೆ ಆ ಕಳೆ ಅಲ್ಲಿ ಕಂಡದ್ದು ಅದೇ ಮೊದಲು. ಅವಳು ಕನ್ನಡಕ ಹಾಕಿಕೊಂಡು ಫೋನು ತೆಗೆದಳು.

“ಗುರುವಾರದ್ದು ಮುಂದಕ್ಕೆ ಹಾಕಿಸ್ತೀನಿ” ಎಂದಳು. “ಜಡ್ಜ್ ಸಾಹೇಬ್ರು ಇನ್ನೂ ಹತ್ತು ದಿನ ಇರ್ತಾರಂತೆ. ಆ ಕಾಲು ನೋಡೋರು ಯಾರೂ ಇಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ಅವಳ ಸೊಂಟಕ್ಕಿಂತ ಜಡ್ಜಿನ ಕಾಲು ಹೆಚ್ಚಾಯಿತೇ ಎಂದೆ. ಮಂಚ ಹಾಕಿಸಿದ್ದು, ಪರದೆ ಹೊಲಿದದ್ದು, ಹಿಡಿಕೆ ಹಾಕಿಸಿದ್ದು ಎಲ್ಲ ಎತ್ತಿ ಆಡಿದೆ. ನಾನು ಎತ್ತಿ ಆಡುವವಳೇ, ಅದರಲ್ಲಿ ಮುಚ್ಚುಮರೆ ಇಲ್ಲ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ರೋಗಿಯ ಸಂಬಂಧಿಕರ ಜೊತೆ ಮಾತಾಡುವ ದನಿಯಲ್ಲಿ, ಮಲಗಿಕೊಂಡು ಗಂಟೆ ಬಾರಿಸಿ ಜನರನ್ನು ಓಡಾಡಿಸುವುದು ತನ್ನಿಂದಾಗದು, ನಿನಗೂ ಅಂಗಡಿಯಿದೆ, ಸಂಸಾರವಿದೆ, ಪಾಪ ನೀನು ಯಾಕೆ ಒದ್ದಾಡಬೇಕು ಎಂದಳು.

ಆ ‘ಪಾಪ’ ಕೇಳಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಅಮ್ಮನೂ ಹೀಗೇ ಅಂದಿದ್ಳು ಅಕ್ಕ” ಎಂದೆ. “ಗಂಟೆ ಕೈಗೆ ಎಟುಕೋ ಹಾಗಿತ್ತು. ಬಾರಿಸ್ಲಿಲ್ಲ.”

ಹದಿನಾಲ್ಕು ವರ್ಷದ ಹಿಂದಿನ ಮಾತು. ಅಮ್ಮ ಅಕ್ಕನ ವಾರ್ಡಿನಲ್ಲೇ ಇದ್ದಳು. ಎದೆಯ ಕಫಕ್ಕೆ ಸೇರಿಸಿ, ವಾಸಿಯಾಗಿ, ಮಾರನೇ ದಿನ ಮನೆಗೆ ಬರುವುದಿತ್ತು. ಅವತ್ತು ಅಕ್ಕನದೇ ಡ್ಯೂಟಿ. ಅಮ್ಮನಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಬೆಳಗ್ಗೆಯಿಂದ ಓಡಾಡಿ ಸುಸ್ತಾಗಿದ್ದಾಳೆ, ಪಾಪ, ಅವಳನ್ನ ಯಾಕೆ ಕರೆಯೋದು ಎಂದು ಪಕ್ಕದ ಹಾಸಿಗೆಯವರಿಗೆ ಹೇಳಿ ತಾನೇ ಎದ್ದು ಹೋದಳು. ಬಾಗಿಲ ಹತ್ತಿರ ಬಿದ್ದಳು. ತಲೆಗೆ ಪೆಟ್ಟಾಗಿತ್ತು. ಮನೆಗೆ ಬರಲಿಲ್ಲ. ಅಲ್ಲಿಂದ ಮುಂದೆ ಅಕ್ಕ ವಾರ್ಡಿಗೆ ಬಂದವಳೇ ಪ್ರತಿ ರೋಗಿಯ ಅಂಗೈಯಲ್ಲಿ ಗಂಟೆಯ ಗುಂಡಿ ಇಟ್ಟು, ಒತ್ತುತ್ತೀರಿ ತಾನೆ ಎಂದು ಕೇಳಿ, ಒತ್ತುತ್ತೇನೆ ಅನ್ನಿಸಿಕೊಂಡೇ ಮುಂದೆ ಹೋಗುತ್ತಿದ್ದಳು. ನಾವಿಬ್ಬರೂ ಈ ಮಾತು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ.

ಅಕ್ಕ ಫೋನನ್ನು ಚೀಲದೊಳಗಿಟ್ಟು, ಕುರ್ಚಿಯ ಕೈ ಹಿಡಿದು ಎದ್ದು, ಒಳಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು. ತಪ್ಪು ಮಾತಾಡಿದೆ ಎಂದು ಮನಸ್ಸು ಚುಚ್ಚುತ್ತಿತ್ತು, ಸರಿಯಾದ ಮಾತೇ ಆಡಿದ್ದೇನೆ ಎಂದು ತಲೆ ಹೇಳುತ್ತಿತ್ತು. ಎರಡಕ್ಕೂ ರಾಜಿಯಾಗುವವರೆಗೆ ಸಮುದ್ರ ನೋಡುತ್ತಾ ಕೂತೆ. ಸಮುದ್ರ ಬರುತ್ತಿತ್ತು, ಹೋಗುತ್ತಿತ್ತು. ಅದಕ್ಕೆ ಬೇರೆ ಕೆಲಸವಿರಲಿಲ್ಲ.

ನಾಲ್ಕು ಗಂಟೆ ದಾಟಿರಬೇಕು. ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು, ಒಂದೇ ಸಲ. ಅಕ್ಕನ ಹೆಜ್ಜೆಗೆ ಕಾದೆ. ಒಂದು ದಿನದಲ್ಲಿ ನನಗೂ ರೂಢಿಯಾಗಿತ್ತು: ಗಂಟೆ, ಆಮೇಲೆ ಬಾಗಿಲು, ಆಮೇಲೆ ಒಂದು ಭಾರದ ಹೆಜ್ಜೆ, ಒಂದು ಹಗುರದ್ದು. ಬಾಗಿಲು ತೆಗೆದ ಸದ್ದಾಗಲಿಲ್ಲ. ಸಿಟ್ಟು ಮಾಡಿಕೊಂಡು ಮಲಗಿದ್ದಾಳೆ ಅಂದುಕೊಂಡೆ. ಆದರೆ ಅಕ್ಕ ಸಿಟ್ಟು ಬಂದರೆ ಮಲಗುವವಳಲ್ಲ, ಕೆಲಸ ಮಾಡುವವಳು. ಅದೂ ಒಂದೇ ಸಲ ಬಾರಿಸಿದ ಗಂಟೆಗೆ ಅವಳು ಏಳದೆ ಇರುವುದುಂಟೇ. ನಾನೇ ಎದ್ದು, ಯಾವ ನಂಬರು ನೋಡೋಣ ಎಂದು ಟವೆಲ್ಲಿನ ಕೋಣೆಗೆ ಹೋದೆ.

ಆ ಗಂಟೆಗಳು ಸುರುಳಿ ಸ್ಪ್ರಿಂಗಿನ ಮೇಲೆ ಕೂತಿವೆ. ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ತಲೆ ಆಡಿಸುತ್ತವೆ, ಯಾವುದು ಬಾರಿಸಿತೆಂದು ಗೊತ್ತಾಗಲಿ ಎಂದು. ಒಂಬತ್ತನೆಯದು ಇನ್ನೂ ಸಣ್ಣಗೆ ಆಡುತ್ತಿತ್ತು. ಅದರ ಪಕ್ಕದಲ್ಲಿ, ನಾಲಿಗೆಗೆ ಬ್ಯಾಂಡೇಜು ಸುತ್ತಿಸಿಕೊಂಡ ಹತ್ತನೆಯದು, ಒಂದಿಷ್ಟೂ ಸದ್ದಿಲ್ಲದೆ, ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಕುಣಿಯುತ್ತಿತ್ತು.

ನಾನು ಓಡಿದೆ.

ಬಾತ್‌ರೂಮಿಗೆ ಚಿಲಕವಿಲ್ಲದ್ದು ಒಳ್ಳೆಯದೇ ಆಯಿತು. ಅಕ್ಕ ತೊಟ್ಟಿಯೊಳಗೆ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು, ಎರಡೂ ಕೈಯಲ್ಲಿ ಹಗ್ಗದ ಹಿಡಿ ಹಿಡಿದುಕೊಂಡಿದ್ದಳು. ಸೊಂಟ ತುಂಬ ನೋಯುತ್ತಿತ್ತಂತೆ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೂರೋಣ ಅನ್ನಿಸಿತಂತೆ. ಇಳಿಯುವುದು ಆಯಿತು. ಏಳುವುದಕ್ಕೆ ಬಲಗಾಲು ಒಪ್ಪಲಿಲ್ಲ. ನೀರಿಗೆ ಕೈ ಹಾಕಿದೆ, ತಣ್ಣಗೆ ಕೊರೆಯುತ್ತಿತ್ತು. ಅವಳ ತುಟಿ ನೀಲಿಯಾಗಿತ್ತು.

“ಎಷ್ಟು ಹೊತ್ತಾಯ್ತು?”

“ಒಂದು ಗಂಟೆ ಇರ್ಬಹುದು” ಎಂದಳು. ಆಮೇಲೆ, ಇಲ್ಲಿಯೂ ತಪ್ಪು ಲೆಕ್ಕ ಕೊಡಬಾರದೆಂಬಂತೆ, “ಎಳೆಯೋಕೆ ಶುರು ಮಾಡಿ ಇಪ್ಪತ್ತು ನಿಮಿಷ” ಎಂದಳು.

ಎತ್ತುವುದನ್ನು ಅವಳೇ ಹೇಳಿಕೊಟ್ಟಳು. ಮೊದಲು ನೀರು ಬಿಡು. ಕೈ ಹಿಡಿದು ಎಳೀಬೇಡ, ಕಂಕುಳಲ್ಲಿ ಕೈ ಹಾಕು. ನಿನ್ನ ಮಂಡಿ ಬಗ್ಗಿಸು, ಬೆನ್ನಲ್ಲ. ಮೂರು ಎಣಿಸಿ ಎತ್ತು. ಮೂರು ಎಣಿಸಿ ಎತ್ತಿದೆ, ಆಗಲಿಲ್ಲ. ವಯಸ್ಸಾದವರು ಹಕ್ಕಿಯಷ್ಟು ಹಗುರ ಎಂದು ಹೇಳುವವರು ಯಾರನ್ನೂ ತೊಟ್ಟಿಯಿಂದ ಎತ್ತಿದವರಲ್ಲ. ಅಕ್ಕ ಭಾರವಾಗಿದ್ದಳು, ಒದ್ದೆಯಾಗಿದ್ದಳು, ಜಾರುತ್ತಿದ್ದಳು. ಮೂರನೇ ಸಲಕ್ಕೆ ಅಂಚಿನ ಮೇಲೆ ಬಂದು ಕೂತಳು. ಟವೆಲ್ಲು ಸುತ್ತಿ ಬೆನ್ನು ತಿಕ್ಕಿದೆ. ಈ ಬೆನ್ನಿನ ಮೇಲೆ ಕೂತು ನಾನು ಇಡೀ ಬೀದಿ ಸುತ್ತಿದ್ದೇನೆ. ಅಳು ಬಂತು. ತಡೆಯಲಿಲ್ಲ.

“ಬಿಡದೆ ಎಳೀತಿದ್ದೆ ನೀನು” ಎಂದೆ, ಮೂಗು ಒರೆಸಿಕೊಂಡು. “ನಿನ್ನ ಲೆಕ್ಕದಲ್ಲಿ ಏನೂ ಆಗ್ದೇ ಇರೋರು ಹಾಗೆ ಬಾರಿಸೋದು.”

“ಲೆಕ್ಕ ಸರಿ ಇಲ್ಲ ಅಂತ ಕಾಣುತ್ತೆ.”

“ಬ್ಯಾಂಡೇಜ್ ಸುತ್ತಿದ್ದು ಮರ್ತಿದ್ದೆಯಾ?”

ಅಕ್ಕ ಟವೆಲ್ಲನ್ನು ಬಿಗಿಯಾಗಿ ಎಳೆದುಕೊಂಡಳು. ಹಲ್ಲು ಕಟಕಟ ಎನ್ನುತ್ತಿತ್ತು.

“ಮರೀಲಿಲ್ಲ” ಎಂದಳು. “ಸದ್ದಾಗೋಲ್ಲ ಅಂತ ಗೊತ್ತಿದ್ದಿದ್ದಕ್ಕೇ ಎಳೆಯೋಕೆ ಧೈರ್ಯ ಬಂದಿದ್ದು. ಒಂದ್ಸಲ ಎಳೆದೆ. ಆಮೇಲೆ ಬಿಡೋಕೆ ಆಗ್ಲಿಲ್ಲ ಪುಟ್ಟಿ.”

ನಾನು ಅವಳ ತಲೆ ಒರೆಸಿದೆ. ಅಷ್ಟರಲ್ಲಿ ಅವಳಿಗೆ ಏನೋ ನೆನಪಾಗಿ, ಒಂಬತ್ತನೇ ನಂಬರು ಬಾರಿಸಿದ ಹಾಗಿತ್ತಲ್ಲ ಎಂದಳು. ಹೌದೆಂದೆ. ಎಷ್ಟು ಸಲ ಎಂದಳು. ಒಂದೇ ಸಲ ಎಂದೆ. ಮತ್ತೆ ಇಲ್ಲೇನು ನಿಂತಿದ್ದೀಯಾ, ಓಡು ಎಂದಳು. ಅವಳಿಗೆ ಕಂಬಳಿ ಹೊದಿಸಿ ಹಾಸಿಗೆಗೆ ಸೇರಿಸಿ ಓಡಿದೆ. ಜಡ್ಜು ಬಾಗಿಲಲ್ಲೇ ನಿಂತಿದ್ದರು, ಬಾತ ಕಾಲಿಗೆ ಚಪ್ಪಲಿ ಹಾಕಲು ಒದ್ದಾಡುತ್ತಾ. ಅವರಿಗೆ ಏನೂ ಬೇಕಿರಲಿಲ್ಲ. ಸಿಸ್ಟರ್ ನಾಲ್ಕು ಗಂಟೆಗೆ ಬಂದು ಕಾಲು ನೋಡುತ್ತೇನೆ ಅಂದಿದ್ದರು, ಅವರು ಮಾತಿಗೆ ತಪ್ಪುವವರ ಹಾಗೆ ಕಾಣಲಿಲ್ಲ, ಏನಾದರೂ ಆಯಿತೇನೋ ಎಂದು ಕೇಳಲು ಬಾರಿಸಿದೆ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ, ಆದರೂ ಬಿಡಿಸಿಕೊಳ್ಳಲಿಲ್ಲ.

ಸಂಜೆ ಅಕ್ಕ ಹಾಸಿಗೆಯಲ್ಲೇ ಇದ್ದಳು. ಮ್ಯಾನೇಜರಿಗೆ ನಾನೇ ಹೋಗಿ ಆಗುವುದಿಲ್ಲ ಎಂದು ಹೇಳಿದೆ. ಬೆಳಗ್ಗೆ ಹೊರಡುವಾಗ ಅವನು ಬ್ಯಾಂಡೇಜಿನ ಗಂಟೆಯನ್ನು ಮೊದಲ ಬಾರಿಗೆ ನೋಡಿ, ಬೆಚ್ಚಿಬಿದ್ದು, ಇದು ಮೂಲದಲ್ಲಿ ಇರಲಿಲ್ಲ ಮೇಡಂ ಎಂದ. ನಾನು ಕತ್ತರಿ ತೆಗೆದು ಬಿಡಿಸಿ ಕೊಟ್ಟೆ. ನಮ್ಮ ಕಸುಬಿನವರ ಚೀಲದಲ್ಲೂ ಒಂದೊಂದು ಸಾಮಾನು ಇದ್ದೇ ಇರುತ್ತದೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತಾ, ನಿಮ್ಮ ಮುಂದಿನ ಕೋಣೆಯಿಂದ ಹೊಲಿಗೆ ಮಿಷನ್ನಿಗೆ ಎಷ್ಟು ದೂರ ಎಂದು ಕೇಳಿದಳು. ಹದಿನಾರು ಹೆಜ್ಜೆ ಎಂದೆ. ಮಿಷನ್ ಓಡುವಾಗ ಕೂಗಿದರೆ ಕೇಳುವುದಿಲ್ಲವಲ್ಲ ಎಂದಳು. ಮಾತಾಡಿ ಕೆಡಿಸುವ ಸ್ವಭಾವ ನನ್ನದೆಂದು ಗೊತ್ತಿದ್ದರಿಂದ ಇಡೀ ದಾರಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮನೆಗೆ ಬಂದವಳೇ ನಮ್ಮ ಮನೆಯವರಿಗೆ ಹೇಳಿದೆ. ಅವರು ಹಳೇ ಸೈಕಲ್ಲಿನ ಗಂಟೆ ಬಿಚ್ಚಿ, ಎಣ್ಣೆ ಹಾಕಿ, ಮಂಚದ ಸರಳಿಗೆ ಬಿಗಿದರು. ಕೆಲಸ ಮುಗಿಯುವವರೆಗೆ ಯಾಕೆಂದು ಕೇಳಲಿಲ್ಲ. ಮುಗಿದ ಮೇಲೂ ಕೇಳಲಿಲ್ಲ.

ಗುರುವಾರ ಆಪರೇಷನ್ ಆಯಿತು. ಆರನೇ ದಿನ ಬೆಳಗ್ಗೆ ಅಕ್ಕನನ್ನು ನಮ್ಮ ಮನೆಗೆ ಕರೆತಂದೆವು. ಪರದೆ ನೋಡಿದಳು, ಚೆನ್ನಾಗಿದೆ ಎಂದಳು. ಗಂಟೆ ನೋಡಿದಳು, ಮುಟ್ಟಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನೀರಿನ ಚೊಂಬು ಇಟ್ಟೆ. ಮಧ್ಯಾಹ್ನ ನೋಡಿದರೆ ಇಟ್ಟಷ್ಟೂ ನೀರು ಹಾಗೇ ಇತ್ತು. ನೀರು ಕುಡಿಯದಿದ್ದರೆ ಏಳಬೇಕಾಗುವುದಿಲ್ಲ, ಏಳಬೇಕಾಗದಿದ್ದರೆ ಕರೆಯಬೇಕಾಗುವುದಿಲ್ಲ. ನಾಲ್ಕನೇ ಜಾತಿಯವರು ಮೊದಲು ಮಾಡುವುದೇ ಇದನ್ನು ಎಂದು ಹೇಳಿಕೊಟ್ಟವಳು ಅವಳೇ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡು, ಒಂದು ಲೋಟ ಬಗ್ಗಿಸಿ ಅವಳ ಕೈಗೆ ಕೊಟ್ಟು, ಅವಳು ಪೂರ್ತಿ ಕುಡಿಯುವವರೆಗೆ ನಿಂತು, ಮಿಷನ್ನಿಗೆ ವಾಪಸು ಹೋದೆ. ಹೊಲಿದದ್ದು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಸೊಟ್ಟಗಾಯಿತು.

ಮೂರೂವರೆಗೆ ಸೈಕಲ್ ಗಂಟೆ ಬಾರಿಸಿತು. ಒಂದೇ ಸಲ.

ಕುತ್ತಿಗೆಯಲ್ಲಿದ್ದ ಅಳತೆ ಪಟ್ಟಿ ಹಾರಿಹೋಗುವ ಹಾಗೆ ಓಡಿದೆ. ಅಕ್ಕ ದಿಂಬಿಗೆ ಒರಗಿ, ಕೈಗಡಿಯಾರ ನೋಡುತ್ತಿದ್ದಳು.

“ಹತ್ತು ಸೆಕೆಂಡು” ಎಂದಳು. “ಪರವಾಗಿಲ್ಲ.”

“ಏನಾಯ್ತು ಅಕ್ಕ?”

“ಏನಿಲ್ಲ. ಕೇಳುತ್ತಾ ಅಂತ ನೋಡ್ದೆ.”

“ಕೇಳುತ್ತೆ” ಎಂದೆ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಸ್ವಲ್ಪ ಹೊತ್ತು ನಿಂತು, ಹೊರಡಲೆಂದು ಬಾಗಿಲವರೆಗೆ ಬಂದೆ.

“ಪುಟ್ಟಿ” ಎಂದಳು ಹಿಂದಿನಿಂದ. “ಹೇಗಿದ್ರೂ ಬಂದಿದ್ದೀಯಲ್ಲ. ಬಾತ್‌ರೂಮಿಗೆ ಹೋಗ್ಬೇಕು.”

ವಾಪಸು ಹೋದೆ. ಮಂಡಿ ಬಗ್ಗಿಸಿ, ಕಂಕುಳಲ್ಲಿ ಕೈ ಹಾಕಿ, ಮೂರು ಎಣಿಸಿದೆ.